ಎರಡು ಟನ್ ಕಬ್ಬಿಣ, ಎರಡನೇ ಮಹಡಿ

ದ್ವಾರಕಾದ ಡಿಡಿಎ ಫ್ಲ್ಯಾಟಿನಲ್ಲೋ, ನೊಯ್ಡಾದ ಹದಿನಾಲ್ಕನೇ ಮಹಡಿಯಲ್ಲೋ, ಫರೀದಾಬಾದಿನ ಹಳೆಯ ಪ್ಲಾಟಿನ ಮನೆಯಲ್ಲೋ ಇರುವ ಒಬ್ಬರು ಮನೆಗೊಂದು ಸಣ್ಣ ಮಿಲ್ಲಿಂಗ್ ಮಷೀನು ಕೊಳ್ಳಲು ಹೊರಟರು ಎಂದಿಟ್ಟುಕೊಳ್ಳಿ. ಅವರು ಮೊದಲು ಕೇಳುವುದು ಯಾವ ಮಾಡೆಲ್ ಒಳ್ಳೆಯದು ಎಂದು. ಆದರೆ ಆ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಅವರು ಅಂಗಡಿಗೆ ಕಾಲಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಮನೆಯ ಮೆಟ್ಟಿಲು ಎಷ್ಟು ಅಗಲ, ನೆಲ ಎಷ್ಟು ಭಾರ ಹೊರುತ್ತದೆ, ಮೀಟರಿಗೆ ಬಂದಿರುವುದು ಸಿಂಗಲ್ ಫೇಸೋ ತ್ರೀ ಫೇಸೋ, ಮನೆಯೊಳಗೆ ಯಂತ್ರ ಓಡಿಸುವುದರ ಬಗ್ಗೆ ಊರಿನ ಕಾನೂನು ಏನು ಹೇಳುತ್ತದೆ ಎಂಬ ನಾಲ್ಕು ಸಂಗತಿಗಳು ಅದನ್ನು ತೀರ್ಮಾನಿಸಿರುತ್ತವೆ. ಈ ನಾಲ್ಕರ ಹಿಂದೆಯೂ ಒಂದೊಂದು ಚರಿತ್ರೆ ಇದೆ. ಮಿಲ್ಲಿಂಗ್ ಮಷೀನು ಚಿಕ್ಕದಾಗುತ್ತ ಬಂದ ಕತೆ ಅದರಲ್ಲೊಂದು. ದೆಹಲಿ ತನ್ನ ಮನೆಗಳೊಳಗೆ ಯಂತ್ರಗಳನ್ನು ಕರೆತಂದು, ಆಮೇಲೆ ಅವನ್ನು ಹೊರಗೆ ದಬ್ಬಿದ ಕತೆ ಇನ್ನೊಂದು.

ಈ ಯಂತ್ರದ ಪರಿಚಯವಿಲ್ಲದವರಿಗೆ ಎರಡು ಮಾತು. ಲೇತಿನಲ್ಲಿ ಲೋಹದ ತುಂಡು ತಿರುಗುತ್ತದೆ, ಉಳಿ ನಿಂತಿರುತ್ತದೆ. ಹಾಗಾಗಿ ಅದರಿಂದ ಬರುವುದೆಲ್ಲ ದುಂಡಗಿನ ವಸ್ತು. ಮಿಲ್ಲಿಂಗ್ ಮಷೀನಿನಲ್ಲಿ ಇದು ತಿರುಗುಮುರುಗು. ಹಲವು ಹಲ್ಲುಗಳ ಕಟ್ಟರ್ ತಿರುಗುತ್ತದೆ, ಮೇಜಿಗೆ ಬಿಗಿದ ಲೋಹ ಅದರ ಕೆಳಗೆ ನಿಧಾನವಾಗಿ ಸರಿಯುತ್ತದೆ. ಚಪ್ಪಟೆ ಮುಖ, ಚೌಕದ ಮೂಲೆ, ಕೀಲಿ ಕೂರುವ ಗಾಡಿ, ಗೇರಿನ ಹಲ್ಲು ಎಲ್ಲವೂ ಇದರ ಕೆಲಸ. ನೋಡಲು ದೊಡ್ಡ ಡ್ರಿಲ್ಲಿಂಗ್ ಮಷೀನಿನಂತೆ ಕಂಡರೂ ವ್ಯತ್ಯಾಸ ಮೂಲಭೂತವಾದುದು. ಡ್ರಿಲ್ ಕೆಳಮುಖವಾಗಿ ಮಾತ್ರ ಒತ್ತುತ್ತದೆ. ಮಿಲ್ಲಿಂಗ್ ಕಟ್ಟರಿನ ಮೇಲೆ ಬಲ ಬೀಳುವುದು ಪಕ್ಕದಿಂದ, ಅದೂ ಹಲ್ಲು ಹಲ್ಲಿಗೆ ಹೊಡೆತ ಹೊಡೆತವಾಗಿ. ಆ ಹೊಡೆತಕ್ಕೆ ಯಂತ್ರದ ಮೈ ಕೂದಲೆಳೆಯಷ್ಟು ಬಾಗಿದರೂ ಕಟ್ಟರ್ ಕುಣಿಯುತ್ತದೆ, ಲೋಹದ ಮೇಲೆ ಅಲೆ ಏಳುತ್ತದೆ, ಹಲ್ಲು ಮುರಿಯುತ್ತದೆ. ಇದನ್ನು ತಡೆಯಲು ಇರುವ ಹಳೆಯ ಉಪಾಯ ಒಂದೇ: ಮೈ ತುಂಬ ಎರಕದ ಕಬ್ಬಿಣ.

ಬಂದೂಕಿನ ಕಾರ್ಖಾನೆಯ ಕೂಸು

ಮಿಲ್ಲಿಂಗ್ ಮಷೀನು ಹುಟ್ಟಿದ್ದು 19ನೇ ಶತಮಾನದ ಆರಂಭದಲ್ಲಿ, ಅಮೆರಿಕದ ಈಶಾನ್ಯ ರಾಜ್ಯಗಳ ಬಂದೂಕು ಕಾರ್ಖಾನೆಗಳಲ್ಲಿ. 1818ರಲ್ಲಿ ಎಲೈ ವಿಟ್ನಿ ಇದನ್ನು ಕಂಡುಹಿಡಿದನೆಂದು ಬಹುಕಾಲ ಪಠ್ಯಪುಸ್ತಕಗಳು ಬರೆದವು. ಸಿಮಿಯನ್ ನಾರ್ತ್ ಮೊದಲಾದವರ ಕಾರ್ಖಾನೆಗಳಲ್ಲಿಯೂ ಅದೇ ಕಾಲಕ್ಕೆ ಇಂಥ ಯಂತ್ರಗಳು ರೂಪುಗೊಳ್ಳುತ್ತಿದ್ದವು ಎಂದು ನಂತರದ ಇತಿಹಾಸಕಾರರು ತೋರಿಸಿದರು. ಒಂದು ಬಂದೂಕಿನ ಬಿಡಿಭಾಗ ಇನ್ನೊಂದಕ್ಕೆ ಕೂರಬೇಕೆಂಬುದು ಸರ್ಕಾರದ ಬೇಡಿಕೆಯಾಗಿತ್ತು. ಕೈಯಲ್ಲಿ ಅರ ಹಿಡಿದು ಉಜ್ಜಿದರೆ ಒಂದು ಬಿಡಿಭಾಗ ಇನ್ನೊಂದರಂತೆ ಬರುತ್ತಿರಲಿಲ್ಲ. ಮಿಲ್ಲಿಂಗ್ ಮಷೀನು ಆ ಅರದ ಕೆಲಸವನ್ನು ಕಸಿದುಕೊಂಡಿತು.

ಈ ಯಂತ್ರದ ಮುಂದಿನ ದೊಡ್ಡ ಹೆಜ್ಜೆಯೂ ಯುದ್ಧಕಾಲದ್ದೇ. ಅಮೆರಿಕದ ಅಂತರ್ಯುದ್ಧದ ವೇಳೆ ಬಂದೂಕಿಗೆ ತೂತು ಕೊರೆಯಲು ಟ್ವಿಸ್ಟ್ ಡ್ರಿಲ್‌ಗಳು ಬೇಕಿದ್ದವು. ಡ್ರಿಲ್ಲಿನ ಸುರುಳಿ ಗಾಡಿಗಳನ್ನು ಕೆಲಸಗಾರರು ದುಂಡನೆಯ ಅರದಿಂದ ಒಂದೊಂದಾಗಿ ತೀಡುತ್ತಿದ್ದರು. ಪ್ರಾವಿಡೆನ್ಸ್ ಪಟ್ಟಣದ ಜೋಸೆಫ್ ಬ್ರೌನ್ ಇದಕ್ಕೆ ಉತ್ತರವಾಗಿ 1862ರಲ್ಲಿ ಯೂನಿವರ್ಸಲ್ ಮಿಲ್ಲಿಂಗ್ ಮಷೀನು ತಂದ. ಮೇಜು ಓರೆಯಾಗಿ ತಿರುಗುತ್ತದೆ, ಮೇಜು ಸರಿದಂತೆ ಕೆಲಸದ ತುಂಡೂ ತಿರುಗುತ್ತದೆ, ಸುರುಳಿ ತಾನಾಗಿ ಮೂಡುತ್ತದೆ. ಮುಂದೆ ನೂರು ವರ್ಷ ಕಾರ್ಖಾನೆಗಳಲ್ಲಿ ನಿಂತ ಬಹುಪಾಲು ಮಿಲ್ಲಿಂಗ್ ಮಷೀನುಗಳು ಈ ಯಂತ್ರದ ಮಕ್ಕಳು, ಮೊಮ್ಮಕ್ಕಳು. ಅವೆಲ್ಲವೂ ಭಾರವಾಗಿದ್ದವು. ಕಾರ್ಖಾನೆಯ ನೆಲಕ್ಕೆ ಭಾರ ಒಂದು ಸಮಸ್ಯೆಯೇ ಆಗಿರಲಿಲ್ಲ.

ಸಣ್ಣ ವರ್ಕ್‌ಶಾಪಿನವನನ್ನು ನೆನೆದು ರೂಪಿಸಿದ ಯಂತ್ರ ಬಂದದ್ದು 1938ರಲ್ಲಿ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್ ಪಟ್ಟಣದಲ್ಲಿ ರುಡಾಲ್ಫ್ ಬ್ಯಾನೊ ಎಂಬ ವಲಸಿಗ ಅದನ್ನು ಮೊದಲು ಒಂದು ಕಾಗದದ ಚೀಲದ ಮೇಲೆ ಗೀಚಿದನೆಂಬ ಕತೆ ಉಂಟು. ಮೇಲಿನ ತಲೆ ಅತ್ತಿತ್ತ ವಾಲುತ್ತದೆ, ಅದನ್ನು ಹೊತ್ತ ತೋಳು ಹಿಂದೆ ಮುಂದೆ ಸರಿಯುತ್ತದೆ, ಸುತ್ತ ತಿರುಗುತ್ತದೆ. ಒಂದೇ ಯಂತ್ರ ಹತ್ತು ಬಗೆಯ ಕೆಲಸಕ್ಕೆ ಆಗುತ್ತದೆ. ಜಗತ್ತಿನ ಟೂಲ್‌ರೂಮುಗಳಲ್ಲಿ 'ಬ್ರಿಜ್‌ಪೋರ್ಟ್' ಎಂಬುದು ಇಂಥ ಎಲ್ಲ ಯಂತ್ರಗಳಿಗೂ ಅಡ್ಡಹೆಸರಾಯಿತು. ಆದರೆ ಆಗಿನವರು 'ಸಣ್ಣದು' ಎಂದು ಕರೆದ ಈ ಯಂತ್ರವೂ ಸುಮಾರು 900 ಕಿಲೋ ತೂಗುತ್ತಿತ್ತು.

ಮನೆಯಲ್ಲಿ ಕೂತು ಲೋಹದ ಕೆಲಸ ಮಾಡುವವರ ಪರಂಪರೆಯೇ ಬೇರೆ. ಇಂಗ್ಲೆಂಡಿನಲ್ಲಿ 1898ರಿಂದ 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆ ಮನೆಯ ಹಿತ್ತಿಲ ಶೆಡ್ಡಿನಲ್ಲಿ ಪುಟ್ಟ ಉಗಿಬಂಡಿ ಕಟ್ಟುವವರಿಗಾಗಿ ಬರತೊಡಗಿತು. ಅವರಲ್ಲಿ ಹೆಚ್ಚಿನವರ ಬಳಿ ಮಿಲ್ಲಿಂಗ್ ಮಷೀನು ಇರಲಿಲ್ಲ. ಲೇತಿನ ಮೇಲೆ ವರ್ಟಿಕಲ್ ಸ್ಲೈಡ್ ಎಂಬ ಚಿಕ್ಕ ಸಾಧನ ಕೂರಿಸಿ, ಚಕ್ಕಿಗೆ ಕಟ್ಟರ್ ಕಚ್ಚಿಸಿ, ಲೇತನ್ನೇ ಮಿಲ್ಲಿಂಗ್ ಮಷೀನಾಗಿ ದುಡಿಸುತ್ತಿದ್ದರು. 1950ರ ದಶಕದಲ್ಲಿ ಆಸ್ಟ್ರಿಯಾದ ಎಮ್ಕೊ ಕಂಪನಿಯ 'ಯೂನಿಮ್ಯಾಟ್' ಬಂತು. ಊಟದ ಮೇಜಿನ ಮೇಲೆ ಕೂರುವ ಲೇತು, ಒಂದು ಕಂಬ ನಿಲ್ಲಿಸಿದರೆ ಅದೇ ಪುಟ್ಟ ಮಿಲ್ಲು. ಅದರಲ್ಲಿ ಹಿತ್ತಾಳೆ ಸಲೀಸು, ಉಕ್ಕು ಪ್ರಯಾಸ. ಯಂತ್ರದ ತೂಕ ಕಡಿಮೆಯಾದಷ್ಟೂ ಕಚ್ಚು ಕಡಿಮೆಯಾಗಬೇಕು ಎಂಬ ಲೆಕ್ಕ ಆಗಲೇ ಎಲ್ಲರಿಗೂ ಗೊತ್ತಿತ್ತು.

ಹರಿಹರ, ಬಟಾಲಾ, ಜಾಲಹಳ್ಳಿ, ಪಿಂಜೋರ್

ಭಾರತಕ್ಕೆ ಮೊದಲು ಬಂದದ್ದು ಲೇತು, ಮಿಲ್ಲು ಬಹಳ ತಡ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅದರ ಲೇತುಗಳು ದೇಶದ ವರ್ಕ್‌ಶಾಪುಗಳಲ್ಲಿ ಮನೆಮಾತಾದವು. ಉತ್ತರದಲ್ಲಿ ಅದಕ್ಕೂ ಮೊದಲೇ, 1932ರಲ್ಲಿ, ಪಂಜಾಬಿನ ಬಟಾಲಾದಲ್ಲಿ ಚೌಧರಿ ಮುಹಮ್ಮದ್ ಲತೀಫ್ ಬಟಾಲಾ ಎಂಜಿನಿಯರಿಂಗ್ ಕಂಪನಿ ಕಟ್ಟಿದ್ದರು. ಜನ ಅದನ್ನು 'ಬೆಕೊ' ಎನ್ನುತ್ತಿದ್ದರು. 1947ರಲ್ಲಿ ಗಡಿ ಎಳೆದಾಗ ಬಟಾಲಾ ಭಾರತಕ್ಕೆ ಬಂತು, ಲತೀಫ್ ಲಾಹೋರಿಗೆ ಹೋಗಿ ಬೆಕೊವನ್ನು ಮತ್ತೆ ಮೊದಲಿನಿಂದ ಕಟ್ಟಿದರು. 1972ರಲ್ಲಿ ಪಾಕಿಸ್ತಾನ ಸರ್ಕಾರ ಅದನ್ನು ರಾಷ್ಟ್ರೀಕರಣ ಮಾಡಿತು. ಇತ್ತ ಬಟಾಲಾದಲ್ಲಿ ಎರಕದ ಕುಲುಮೆಗಳೂ ಕೈಕಸುಬೂ ಉಳಿದವು. ದೆಹಲಿಯ ಸಣ್ಣ ಕಾರ್ಖಾನೆಗಳಿಗೆ ಅಗ್ಗದ ಲೇತು, ಶೇಪರ್ ಬರುತ್ತಿದ್ದದ್ದು ಬಟಾಲಾ, ಲೂಧಿಯಾನಾ ಕಡೆಯಿಂದ.

ಈ ಶೇಪರ್ ಎಂಬುದನ್ನು ಗಮನಿಸಬೇಕು. ಒಂದೇ ಹಲ್ಲಿನ ಉಳಿ ಹಿಂದೆ ಮುಂದೆ ಓಡುತ್ತ ಲೋಹವನ್ನು ತೋಪಡಾ ಹೊಡೆದಂತೆ ಸವರುತ್ತದೆ. ಮಿಲ್ಲು ಹತ್ತು ನಿಮಿಷದಲ್ಲಿ ಮಾಡುವುದಕ್ಕೆ ಶೇಪರಿಗೆ ಒಂದು ಗಂಟೆ ಬೇಕಾಗಬಹುದು. ಆದರೂ ದೆಹಲಿಯ ಗಲ್ಲಿಗಳಲ್ಲಿ ದಶಕಗಳ ಕಾಲ ಮಿಲ್ಲಿನ ಜಾಗದಲ್ಲಿ ನಿಂತದ್ದು ಶೇಪರ್ರೇ. ಕಾರಣ ಕಟ್ಟರಿನ ಬೆಲೆ. ಮಿಲ್ಲಿಂಗ್ ಕಟ್ಟರ್ ಮೊಂಡಾದರೆ ಅದನ್ನು ಸಾಣೆ ಹಿಡಿಯಲು ಇನ್ನೊಂದು ವಿಶೇಷ ಯಂತ್ರ ಬೇಕು, ಮುರಿದರೆ ಹೊಸದು ಕೊಳ್ಳಬೇಕು. ಶೇಪರಿನ ಉಳಿಯನ್ನು ಮಿಸ್ತ್ರಿ ಎರಡು ನಿಮಿಷದಲ್ಲಿ ಗ್ರೈಂಡರಿನಲ್ಲಿ ಉಜ್ಜಿಕೊಳ್ಳುತ್ತಾನೆ. ಯಂತ್ರದ ಬೆಲೆ ಒಮ್ಮೆ ಕೊಡುವುದು, ಕಟ್ಟರಿನ ಬೆಲೆ ಬದುಕಿಡೀ ಕೊಡುವುದು ಎಂಬುದನ್ನು ಆ ತಲೆಮಾರು ಚೆನ್ನಾಗಿ ಅರಿತಿತ್ತು.

ಮಿಲ್ಲಿಂಗ್ ಮಷೀನನ್ನು ದೇಶದೊಳಗೆ ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು ಎಚ್ಎಂಟಿ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮಷೀನ್ ಟೂಲ್ಸ್, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಲೇತು ಮಾಡಲು ತೊಡಗಿತು. ಆಮೇಲೆ ಜರ್ಮನಿಯ ಫ್ರಿಟ್ಜ್ ವೆರ್ನರ್ ಜತೆ ಸೇರಿ ಮಿಲ್ಲಿಂಗ್ ಮಷೀನುಗಳಿಗೆ ಕೈಹಾಕಿತು. 1963ರಲ್ಲಿ ಚಂಡೀಗಢದ ಹತ್ತಿರದ ಪಿಂಜೋರಿನಲ್ಲಿ ಎಚ್ಎಂಟಿಯ ಕಾರ್ಖಾನೆ ಎದ್ದಿತು. ಅಲ್ಲಿಂದ ಹೊರಟ 'ಎಫ್ಎನ್2' ಸರಣಿಯ ಮಿಲ್ಲುಗಳು ಉತ್ತರ ಭಾರತದ ಐಟಿಐ, ಪಾಲಿಟೆಕ್ನಿಕ್, ರೈಲ್ವೆ ವರ್ಕ್‌ಶಾಪು, ಬಿಡಿಭಾಗಗಳ ಕಾರ್ಖಾನೆಗಳಲ್ಲೆಲ್ಲ ನೆಲೆಯಾದವು. ಒಂದೊಂದೂ ಎರಡು ಟನ್ನಿನ ಆಸಾಮಿ. ಅರವತ್ತು ವರ್ಷದ ನಂತರವೂ ಅವುಗಳಲ್ಲಿ ಹಲವು ಓಡುತ್ತಿವೆ. ಮನೆಗೆ ಮಿಲ್ಲು ಹುಡುಕುವವರ ಮುಂದೆ ಇಂದೂ ಬಂದು ನಿಲ್ಲುವ ಮೊದಲ ಆಮಿಷ ಇದೇ ಹಳೆಯ ಎಚ್ಎಂಟಿ.

ಮನೆಯ ಕೆಳಗೆ ಕಾರ್ಖಾನೆ

ದೆಹಲಿಯ ಸುತ್ತ ಸಣ್ಣ ಯಂತ್ರಗಳ ಲೋಕ ಹುಟ್ಟಿದ್ದು ನಿರಾಶ್ರಿತರ ಕೈಯಿಂದ. ವಾಯವ್ಯ ಗಡಿ ಪ್ರಾಂತದಿಂದ ಓಡಿ ಬಂದವರಿಗಾಗಿ 1949ರ ಸುಮಾರಿಗೆ ಫರೀದಾಬಾದ್ ಹೊಸ ಪಟ್ಟಣವಾಗಿ ಏಳತೊಡಗಿತು. ಅದರ ಹಿಂದೆ ಇದ್ದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮತ್ತು ಅವರ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಪ್ರಮುಖರು. ಮನೆಗಳನ್ನು ಗುತ್ತಿಗೆದಾರರ ಬದಲು ನಿರಾಶ್ರಿತರೇ ಸಹಕಾರ ಸಂಘ ಕಟ್ಟಿಕೊಂಡು ಕಟ್ಟಬೇಕೆಂಬುದು ಅವರ ನಿಲುವಾಗಿತ್ತು. ಊರಿಗೆ ಉದ್ಯೋಗ ಬರಬೇಕಾದರೆ ವಿದ್ಯುತ್ ಬೇಕು. ಎರಡನೇ ಮಹಾಯುದ್ಧದ ಪರಿಹಾರವಾಗಿ ಜರ್ಮನಿಯಿಂದ ಬಂದ ಡೀಸೆಲ್ ವಿದ್ಯುತ್ ಸ್ಥಾವರವನ್ನು ಅಲ್ಲಿಗೆ ತಂದು ನಿಲ್ಲಿಸಿದರು. ಆ ಅನುಭವವನ್ನು ಎಲ್.ಸಿ. ಜೈನ್ ಮುಂದೆ ಒಂದು ಪುಸ್ತಕವಾಗಿಯೇ ಬರೆದರು. ಯಂತ್ರಗಳು ಬಂದದ್ದು ವಿದ್ಯುತ್ ಬಂದ ಮೇಲೆ. ಮನೆಯ ವರ್ಕ್‌ಶಾಪಿಗೂ ಈ ಕ್ರಮ ಇಂದಿಗೂ ಹಾಗೆಯೇ ಇದೆ.

1954ರಲ್ಲಿ ಫೋರ್ಡ್ ಫೌಂಡೇಷನ್ ಕರೆತಂದ ಅಂತಾರಾಷ್ಟ್ರೀಯ ತಂಡ ಭಾರತದ ಸಣ್ಣ ಕೈಗಾರಿಕೆಗಳ ಬಗ್ಗೆ ವರದಿ ಕೊಟ್ಟಿತು. ಮರುವರ್ಷವೇ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ, ಅಂದರೆ ಎನ್ಎಸ್ಐಸಿ, ಹುಟ್ಟಿತು. ಅದರ ಅತ್ಯಂತ ಪ್ರಭಾವಿ ಯೋಜನೆ ಕಂತಿನ ಮೇಲೆ ಯಂತ್ರ ಕೊಡುವುದು. ಕೈಯಲ್ಲಿ ಕಸುಬಿದೆ, ಬಂಡವಾಳವಿಲ್ಲ ಎನ್ನುವವನು ಒಂದಿಷ್ಟು ಮುಂಗಡ ಕಟ್ಟಿ ಲೇತೋ ಮಿಲ್ಲೋ ಪ್ರೆಸ್ಸೋ ಪಡೆಯಬಹುದಿತ್ತು. ಅದರ ದುಡಿಮೆಯಿಂದಲೇ ಸಾಲ ತೀರಿಸಬಹುದಿತ್ತು. ಓಖ್ಲಾದಲ್ಲಿ ಕೈಗಾರಿಕಾ ವಸಾಹತು ಎದ್ದಿತು. ಅಲ್ಲೇ ಪಶ್ಚಿಮ ಜರ್ಮನಿಯ ನೆರವಿನ ಮಾದರಿ ಉತ್ಪಾದನೆ ಮತ್ತು ತರಬೇತಿ ಕೇಂದ್ರವೂ ತೆರೆಯಿತು. ರಾಜಕೋಟದಲ್ಲಿ ಅಮೆರಿಕದ, ಹೌರಾದಲ್ಲಿ ಜಪಾನಿನ ನೆರವಿನಿಂದ ಅಂಥವೇ ಕೇಂದ್ರಗಳು ಬಂದವು.

ಆದರೆ ಓಖ್ಲಾದಂಥ ವಸಾಹತಿನಲ್ಲಿ ಜಾಗ ಸಿಕ್ಕಿದ್ದು ಕೆಲವರಿಗೆ. ಉಳಿದವರು ಇದ್ದಲ್ಲೇ ಶುರು ಮಾಡಿದರು. ಆನಂದ ಪರ್ಬತ್, ಶಾಹದರಾ, ಸಮಯಪುರ ಬಾದಲಿಯಂಥ ಕಡೆ ಕೆಳಗೆ ಯಂತ್ರ, ಮೇಲೆ ಸಂಸಾರ ಎಂಬ ಕಟ್ಟಡಗಳು ತುಂಬಿಕೊಂಡವು. ಇಂಗ್ಲೆಂಡಿನ ಶೆಡ್ಡಿನಲ್ಲಿ ಲೋಹದ ಕೆಲಸ ಬಿಡುವಿನ ಹವ್ಯಾಸವಾಗಿತ್ತು. ದೆಹಲಿಯ ಮನೆಯೊಳಗಿನ ಯಂತ್ರ ಮನೆಯವರ ಅನ್ನವಾಗಿತ್ತು. ಭಾರತದ 'ಹೋಮ್ ವರ್ಕ್‌ಶಾಪ್' ಎಂಬುದರ ನಿಜವಾದ ಪೂರ್ವಜರು ಈ ಕಟ್ಟಡಗಳು.

ಒಂದು ಕಿಲೋವ್ಯಾಟ್

ದೆಹಲಿಯ ಮೊದಲ ಮಾಸ್ಟರ್ ಪ್ಲಾನ್ 1962ರಲ್ಲಿ ಜಾರಿಗೆ ಬಂತು. ವಾಸಕ್ಕೆ ಒಂದು ಬಣ್ಣ, ಕೈಗಾರಿಕೆಗೆ ಇನ್ನೊಂದು ಬಣ್ಣ ಎಂದು ನಕ್ಷೆಯಲ್ಲಿ ಊರನ್ನು ಹಂಚಿತು. ಕೆಳಗೆ ಯಂತ್ರ, ಮೇಲೆ ಸಂಸಾರ ಇದ್ದ ಕಟ್ಟಡಕ್ಕೆ ಆ ನಕ್ಷೆಯಲ್ಲಿ ಯಾವ ಬಣ್ಣವೂ ಹೊಂದುತ್ತಿರಲಿಲ್ಲ. 1990ರ ಆಗಸ್ಟ್ 1ರಂದು ಹೊರಬಂದ ಎರಡನೇ ಯೋಜನೆ ಗೃಹ ಕೈಗಾರಿಕೆಗೆ ಒಂದು ಕಿಂಡಿ ಬಿಟ್ಟಿತು: ಹೆಚ್ಚೆಂದರೆ ಐದು ಕೆಲಸಗಾರರು, ಒಂದು ಕಿಲೋವ್ಯಾಟ್ ವಿದ್ಯುತ್. ಒಂದು ಅಶ್ವಶಕ್ತಿಯ ಮೋಟಾರು 746 ವ್ಯಾಟ್ ತಿನ್ನುತ್ತದೆ. ಅಂದರೆ ಆ ಕಿಂಡಿಯಲ್ಲಿ ತೂರಬಲ್ಲದ್ದು ಒಂದೇ ಒಂದು ಸಣ್ಣ ಯಂತ್ರ, ಜತೆಗೆ ಒಂದೆರಡು ಬಲ್ಬು. ಲೇತಿನ ಪಕ್ಕ ಮಿಲ್ಲು ಇಟ್ಟು ಎರಡನ್ನೂ ಓಡಿಸಿದವನು ಲೆಕ್ಕದ ಪ್ರಕಾರ ಕಾನೂನು ಮುರಿದವನು.

ಈ ನಡುವೆ ಎಂ.ಸಿ. ಮೆಹ್ತಾ 1985ರಲ್ಲಿ ಹೂಡಿದ್ದ ದೆಹಲಿ ಮಾಲಿನ್ಯದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿತ್ತು. 1996ರ ಜುಲೈ 8ರಂದು ನ್ಯಾಯಾಲಯ 168 ಅಪಾಯಕಾರಿ ಕಾರ್ಖಾನೆಗಳನ್ನು ನವೆಂಬರ್ 30ರೊಳಗೆ ಊರಿಂದಾಚೆ ಸಾಗಿಸಲು ಆದೇಶಿಸಿತು. ಅಲ್ಲಿಂದ ಗಮನ ವಸತಿ ಪ್ರದೇಶಗಳ ಸಣ್ಣ ಘಟಕಗಳ ಕಡೆಗೆ ಹೊರಳಿತು. 2000ದ ನವೆಂಬರಿನಲ್ಲಿ ಅವುಗಳಿಗೆ ಬೀಗ ಹಾಕಲು ಹೊರಟಾಗ ಮಾಲೀಕರೂ ಕೆಲಸಗಾರರೂ ಒಟ್ಟಾಗಿ ಬೀದಿಗಿಳಿದರು. ಬಸ್ಸುಗಳು ಉರಿದವು, ಪ್ರಾಣಗಳು ಹೋದವು. 2004ರ ಮೇ 7ರಂದು ಬಂದ ತೀರ್ಪು, ಇದ್ದಲ್ಲೇ ಸಕ್ರಮ ಮಾಡುವ ಸರ್ಕಾರದ ಪ್ರಸ್ತಾಪವನ್ನು ಒಪ್ಪಲಿಲ್ಲ. 1990ರ ಆಗಸ್ಟ್ 1ರ ನಂತರ ತಲೆಯೆತ್ತಿದ ಅಕ್ರಮ ಘಟಕಗಳನ್ನು ಮುಚ್ಚಲು ಹೇಳಿತು. ಹಲವರಿಗೆ ನಗರದ ವಾಯವ್ಯ ಅಂಚಿನ ಬವಾನಾದಲ್ಲಿ ಪ್ಲಾಟು ಸಿಕ್ಕಿತು. ಮನೆಯ ಕೆಳಗಿದ್ದ ಯಂತ್ರ ಹತ್ತಾರು ಕಿಲೋಮೀಟರ್ ಆಚೆಗೆ ಹೋದರೆ ಮಗನೂ ಹೆಂಡತಿಯೂ ಆಗಾಗ ಬಂದು ಕೈಗೂಡಿಸುವ ಕಸುಬು ಉಳಿಯುವುದಿಲ್ಲ. ಇತ್ತ ಪಕ್ಕದ ಮನೆಯವರ ದೂರಿನಲ್ಲೂ ಹುರುಳಿತ್ತು. ಆಮ್ಲದ ತೊಟ್ಟಿಯ ಹೊಗೆ, ರಾತ್ರಿಯ ಪ್ರೆಸ್ಸಿನ ಸದ್ದು ಯಾರಿಗೂ ಹಿತವಲ್ಲ. ಆದರೆ ಬೀಗ ಹಾಕುವವರ ಪಟ್ಟಿಯಲ್ಲಿ ಆಮ್ಲದ ತೊಟ್ಟಿಯೂ ಒಂಟಿ ಮಿಲ್ಲೂ ಒಂದೇ ಸಾಲಿನಲ್ಲಿ ನಿಂತವು.

2007ರ ಫೆಬ್ರುವರಿಯಲ್ಲಿ ಬಂದ ಮೂರನೇ ಮಾಸ್ಟರ್ ಪ್ಲಾನ್ ಗೃಹ ಕೈಗಾರಿಕೆಯ ಮಿತಿಯನ್ನು 11 ಕಿಲೋವ್ಯಾಟಿಗೆ ಏರಿಸಿತು. ಕೆಲಸಗಾರರ ಸಂಖ್ಯೆ ಐದೇ ಉಳಿಯಿತು. ಒಂದರಿಂದ ಹನ್ನೊಂದಕ್ಕೆ ಏರಿದ ಈ ಅಂಕಿಯ ಹಿಂದೆ ಹದಿನೇಳು ವರ್ಷದ ಜಗಳವಿದೆ. ಮಾರಾಟಕ್ಕೇನೂ ಮಾಡದೆ ಹವ್ಯಾಸಕ್ಕೆ ಮಿಲ್ಲು ಓಡಿಸುವವರು ಕೈಗಾರಿಕೆಯ ವ್ಯಾಖ್ಯೆಗೆ ಬರುವುದಿಲ್ಲ ನಿಜ. ಆದರೆ ಸದ್ದಿನ ನಿಯಮ ಎಲ್ಲರಿಗೂ ಒಂದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಗೇರಿನ ತಲೆಯ ಮಿಲ್ಲು ರಾತ್ರಿ ಹತ್ತರ ಮೇಲೆ ಕೆಳಮನೆಯವರ ನೆತ್ತಿಯ ಮೇಲೆ ಕೂಗಿದರೆ ಅದನ್ನು ಹವ್ಯಾಸವೆಂದು ಅವರು ಒಪ್ಪುವುದಿಲ್ಲ.

ಇಂದು ಎದುರಿಗೆ ನಿಲ್ಲುವ ಮೂರು ಯಂತ್ರಗಳು

ಕಾರ್ಖಾನೆಗಳು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಗೆ ಹೊರಳಿದಂತೆ ಹಳೆಯ ಕೈಮಿಲ್ಲುಗಳು ಹರಾಜಿಗೆ ಬಂದವು. ಹಾಗಾಗಿ ಮನೆಗೆ ಮಿಲ್ಲು ಹುಡುಕುವವರಿಗೆ ಸಿಗುವ ಮೊದಲ ದಾರಿ ಸೆಕೆಂಡ್‌ಹ್ಯಾಂಡ್ ದೈತ್ಯ. ಕಿಲೋ ಲೆಕ್ಕದಲ್ಲಿ ನೋಡಿದರೆ ಇದರಷ್ಟು ಅಗ್ಗದ್ದು ಇನ್ನೊಂದಿಲ್ಲ. ಆದರೆ ವಾಸದ ಮನೆಯ ನೆಲವನ್ನು ಭಾರತೀಯ ಮಾನಕ 875ರ ಪ್ರಕಾರ ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ. ಎರಡು ಟನ್ ಕಬ್ಬಿಣವನ್ನು ಒಂದೆರಡು ಚದರ ಮೀಟರಿನಲ್ಲಿ ನಿಲ್ಲಿಸುವ ಮಾತು ಎರಡನೇ ಮಹಡಿಯಲ್ಲಿ ಆಡುವಂಥದಲ್ಲ. ನೆಲಮಟ್ಟದಲ್ಲಿ, ಮಣ್ಣಿನ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟಿನ ಮೇಲೆ ಮಾತ್ರ ಅದು ಸಾಧ್ಯ. ಜತೆಗೆ ತ್ರೀ ಫೇಸ್ ಬೇಕು. ಮೋಟಾರು ಮೂರು ಅಶ್ವಶಕ್ತಿಯೊಳಗಿದ್ದರೆ ವಿಎಫ್‌ಡಿ ಎಂಬ ಪೆಟ್ಟಿಗೆ ಸಿಂಗಲ್ ಫೇಸಿನಿಂದ ತ್ರೀ ಫೇಸ್ ಮಾಡಿಕೊಡುತ್ತದೆ, ಅದಕ್ಕಿಂತ ದೊಡ್ಡದಾದರೆ ಕಷ್ಟ. ಹಳೆಯ ಯಂತ್ರ ಕೊಳ್ಳುವಾಗ ಬಣ್ಣ ನೋಡಬಾರದು. ಮೇಜನ್ನು ನಡುವೆ ಒಮ್ಮೆ, ಎರಡೂ ತುದಿಗಳಲ್ಲಿ ಒಮ್ಮೊಮ್ಮೆ ಸರಿಸಿ ನೋಡಬೇಕು. ಹಲವು ವರ್ಷ ದುಡಿದ ಮಿಲ್ಲಿನ ಹಾದಿ ನಡುವೆ ಸವೆದಿರುತ್ತದೆ. ನಡುವಿನ ಸಡಿಲಕ್ಕೆ ತಕ್ಕಂತೆ ಬಿಗಿದರೆ ತುದಿಯಲ್ಲಿ ಮೇಜು ಹಿಡಿದುಕೊಳ್ಳುತ್ತದೆ. ಈ ಸವೆತವನ್ನು ಮನೆಯಲ್ಲಿ ಸರಿಪಡಿಸುವುದು ಸುಲಭವಲ್ಲ.

ಎರಡನೆಯದು ಸುಮಾರು 300 ಕಿಲೋದ ಬೆಂಚ್ ಮಿಲ್ಲು. ತೈವಾನಿನ ರೋಂಗ್ ಫು ಕಂಪನಿ ಜನಪ್ರಿಯಗೊಳಿಸಿದ ಈ ವಿನ್ಯಾಸವನ್ನು ಇಂದು ಹಲವು ಹೆಸರುಗಳಲ್ಲಿ ಹಲವರು ಮಾಡುತ್ತಾರೆ. ಇದರಲ್ಲಿ ಎರಡು ತಲೆಮಾರು. ಹಳೆಯದರ ಕಂಬ ದುಂಡಗಿನದು. ತಲೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಅದು ಕಂಬದ ಸುತ್ತ ಕೊಂಚ ತಿರುಗಿಬಿಡುತ್ತದೆ. ಉದ್ದದ ಡ್ರಿಲ್ ತೆಗೆದು ಗಿಡ್ಡ ಕಟ್ಟರ್ ಹಾಕಿದ ಕೂಡಲೇ ಕಷ್ಟಪಟ್ಟು ಹುಡುಕಿದ್ದ ಮಧ್ಯಬಿಂದು ಕಳೆದುಹೋಗುತ್ತದೆ. ಹೊಸದರ ಕಂಬ ಚೌಕ, ಡವ್‌ಟೇಲ್ ಹಾದಿಯದು. ತಲೆ ಎಷ್ಟೇ ಏರಿಳಿದರೂ ನೇರ ತಪ್ಪುವುದಿಲ್ಲ. ಬೆಲೆಯಲ್ಲಿ ವ್ಯತ್ಯಾಸವಿದ್ದರೂ ಇಲ್ಲಿ ಉಳಿತಾಯ ಮಾಡಬಾರದು. ಒಂದೂವರೆ ಎರಡು ಅಶ್ವಶಕ್ತಿಯ ಮೋಟಾರು ಸಿಂಗಲ್ ಫೇಸಿನಲ್ಲೂ ಸಿಗುತ್ತದೆ. ತಲೆ, ಕಂಬ, ಮೇಜು ಬಿಚ್ಚಿ ಒಂದೊಂದಾಗಿ ಸಾಗಿಸಬಹುದು. ಸ್ವಂತ ನೆಲಮಹಡಿ ಇದ್ದವರಿಗೆ ಇದು ಸರಿಯಾದ ಅಳತೆ.

ಮೂರನೆಯದು ಐವತ್ತರವತ್ತು ಕಿಲೋದ ಪುಟ್ಟ ಮಿಲ್ಲು. ಶಾಂಘೈನ ಸೀಗ್ ಕಂಪನಿಯ 'ಎಕ್ಸ್2' ಇದರ ಮೂಲಪುರುಷ. ಇಬ್ಬರು ಸೇರಿದರೆ ಮೆಟ್ಟಿಲು ಹತ್ತಿಸಬಹುದು, ಗಟ್ಟಿಯಾದ ಮೇಜು ಸಾಕು, ಮನೆಯ ಮಾಮೂಲಿ ಪ್ಲಗ್ಗಿಗೆ ಓಡುತ್ತದೆ. ಫ್ಲ್ಯಾಟಿನವರಿಗೆ ಬೇರೆ ಆಯ್ಕೆ ಇಲ್ಲವೆಂದೇ ಹೇಳಬೇಕು. ಆದರೆ ಮೂಲ ವಿನ್ಯಾಸದಲ್ಲಿ ಕಂಬ ಓರೆಯಾಗಲೆಂದು ಬುಡದಲ್ಲಿ ಒಂದೇ ದೊಡ್ಡ ಬೋಲ್ಟಿನ ಮೇಲೆ ನಿಂತಿದೆ. ಇಡೀ ಯಂತ್ರದ ದೌರ್ಬಲ್ಯ ಅಲ್ಲಿದೆ. ಓರೆಯಾಗದ ಗಟ್ಟಿ ಕಂಬದ ಮಾದರಿ ಸಿಕ್ಕರೆ ಅದೇ ಮೇಲು, ಏಕೆಂದರೆ ಕಂಬ ವಾಲಿಸುವ ಕೆಲಸ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ತಲೆಯೊಳಗಿನ ಪ್ಲಾಸ್ಟಿಕ್ ಗೇರುಗಳನ್ನು ಜನ ಬೈಯುತ್ತಾರೆ. ಕಟ್ಟರ್ ಸಿಕ್ಕಿಕೊಂಡಾಗ ಮೊದಲು ಮುರಿದು ಮೋಟಾರನ್ನು ಕಾಯುವುದೂ ಅವೇ. ಬೆಲ್ಟಿನಿಂದ ಓಡುವ ಮಾದರಿಯಲ್ಲಿ ಆ ಚಿಂತೆ ಇಲ್ಲ, ಸದ್ದೂ ಕಡಿಮೆ. 45 ಡೆಸಿಬಲ್ ನಿಯಮವಿರುವ ಊರಿನಲ್ಲಿ ಇದೂ ಒಂದು ಕಾರಣವೇ.

ಈ ಮೂರರ ನಡುವೆ ಕಳೆದುಹೋದದ್ದು ಬಿಗಿತ. ಒಂದು ತುದಿಯಲ್ಲಿ ಹಿಡಿದ ಕಂಬಿಯ ಉದ್ದವನ್ನು ಎರಡು ಪಟ್ಟು ಮಾಡಿದರೆ ಅದೇ ಬಲಕ್ಕೆ ಅದು ಎಂಟು ಪಟ್ಟು ಬಾಗುತ್ತದೆ. ಪುಟ್ಟ ಮಿಲ್ಲಿನಲ್ಲಿ ಕಬ್ಬಿಣ ಕಡಿಮೆ ಮಾಡಿದ್ದನ್ನು ಕೊಂಡವರು ವಾಪಸು ಹಾಕಲಾರರು. ಆದರೆ ಚಾಚು ಕಡಿಮೆ ಮಾಡುವುದು ಅವರ ಕೈಯಲ್ಲಿದೆ. ಗಿಡ್ಡ ಕಟ್ಟರ್, ಗಿಡ್ಡ ಹೋಲ್ಡರ್, ತಗ್ಗಾದ ವೈಸ್, ಆಗ ಬೇಡದ ಹಾದಿಗಳಿಗೆಲ್ಲ ಬೀಗ, ಸಣ್ಣ ಕಚ್ಚು. ಇಷ್ಟು ಮಾಡಿದರೆ ಅರವತ್ತು ಕಿಲೋ ಯಂತ್ರವೂ ಅಲ್ಯೂಮಿನಿಯಂ, ಹಿತ್ತಾಳೆಗಳನ್ನು ಅಚ್ಚುಕಟ್ಟಾಗಿ ಕತ್ತರಿಸುತ್ತದೆ. ಉಕ್ಕಿಗೆ ತಾಳ್ಮೆ ಬೇಕು.

ಕಟ್ಟರ್ ಹಿಡಿಯುವ ಬಾಯಿ, ಮೇ ತಿಂಗಳ ಬಿಸಿಲು

ಕೊಳ್ಳುವವರು ಹೆಚ್ಚಾಗಿ ಮರೆಯುವುದು ಸ್ಪಿಂಡಲಿನ ಬಾಯಿಯನ್ನು. ಮೋರ್ಸ್ ಟೇಪರ್ 3 ಬಾಯಿ ಅಗ್ಗದ ಯಂತ್ರಗಳಲ್ಲಿ ಸಾಮಾನ್ಯ. ಹೋಲ್ಡರ್ ಬಿಗಿಯಾಗಿ ಕಚ್ಚಿಕೊಂಡು, ಪ್ರತಿ ಸಲ ಸುತ್ತಿಗೆಯಿಂದ ತಟ್ಟಿ ಬಿಡಿಸಬೇಕಾಗುತ್ತದೆ. ಬ್ರಿಜ್‌ಪೋರ್ಟ್ ತಂದ ಆರ್8 ಬಾಯಿ ಸುಲಭವಾಗಿ ಬಿಡುತ್ತದೆ. ಎಚ್ಎಂಟಿಯಂಥ ಕಾರ್ಖಾನೆ ಮಿಲ್ಲುಗಳಲ್ಲಿ ಐಎಸ್ಒ 40ರಂಥ ಕಡಿದಾದ ಬಾಯಿ ಇರುತ್ತದೆ. ಅದರ ಹೋಲ್ಡರುಗಳು ಹಳೆಯ ಸಾಮಾನಿನಲ್ಲಿ ಧಾರಾಳವಾಗಿ ಸಿಗುತ್ತವೆ. ಯಂತ್ರ ನೋಡುವ ಮೊದಲು ಸ್ವಾಮಿ ಶ್ರದ್ಧಾನಂದ ಮಾರ್ಗದ, ಅಂದರೆ ಹಳೆಯ ಜಿ.ಬಿ. ರೋಡಿನ, ಕೆಳಮಹಡಿಯ ಟೂಲ್ ಅಂಗಡಿಗಳಲ್ಲಿ ಯಾವ ಬಾಯಿಗೆ ಯಾವ ಹೋಲ್ಡರು, ಕೋಲೆಟ್ ಸುಲಭವಾಗಿ ಸಿಗುತ್ತದೆಂದು ವಿಚಾರಿಸುವುದು ಜಾಣತನ. ಬಟಾಲಾದ ಶೇಪರ್ ಕೊಂಡವರ ಲೆಕ್ಕ ಇಲ್ಲಿ ಮತ್ತೆ ಬರುತ್ತದೆ: ಯಂತ್ರಕ್ಕೆ ಇಟ್ಟ ಹಣದಲ್ಲಿ ಒಂದು ಒಳ್ಳೆಯ ಪಾಲನ್ನು ವೈಸ್, ಕೋಲೆಟ್, ಕಟ್ಟರ್, ಡಯಲ್ ಗೇಜಿಗೆ ತೆಗೆದಿಡಬೇಕು. ಅಗ್ಗದ ಕಾರ್ಬೈಡ್ ಕಟ್ಟರುಗಳು ಬಂದಿರುವುದರಿಂದ ಆ ಲೆಕ್ಕ ಈಗ ಮೊದಲಿನಷ್ಟು ಕಠಿಣವಾಗಿಲ್ಲ. ಪುಟ್ಟ ಮಿಲ್ಲು ಮನೆಗೆ ಬರಲು ಸಾಧ್ಯವಾದದ್ದರಲ್ಲಿ ಇದರ ಪಾಲೂ ಇದೆ.

ದೆಹಲಿಗೇ ಸೇರಿದ ಇನ್ನೊಂದು ತೊಡಕು ಹವೆ. ಅಳತೆಗಳಿಗೆ ಜಗತ್ತು ಒಪ್ಪಿದ ಉಷ್ಣತೆ 20 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಬಾಲ್ಕನಿಯ ವರ್ಕ್‌ಶಾಪು 40 ದಾಟಿರುತ್ತದೆ. 100 ಮಿಲಿಮೀಟರ್ ಅಲ್ಯೂಮಿನಿಯಂ ತುಂಡು 20 ಡಿಗ್ರಿ ಏರಿಕೆಗೆ ಸುಮಾರು 0.046 ಮಿಲಿಮೀಟರ್ ಹಿಗ್ಗುತ್ತದೆ, ಅಳೆಯುವ ಉಕ್ಕಿನ ಉಪಕರಣ ಅದರ ಅರ್ಧದಷ್ಟು. ಬಿಸಿಲಿನಲ್ಲಿ ಸರಿ ಕೂತ ಬೇರಿಂಗ್ ಮನೆ ಏಸಿ ಕೋಣೆಯಲ್ಲಿ ಬಿಗಿಯಾಗುವುದು ಇದಕ್ಕೇ. ಯಂತ್ರದ ಜಾಹೀರಾತು ಹೇಳುವ ನಿಖರತೆಯ ಅಂಕಿಗಿಂತ ಅದನ್ನು ಇಡುವ ಕೋಣೆಯ ನೆರಳು ದೊಡ್ಡದು. ಇದರ ಮೇಲೆ ಆಂಧಿಯ ಧೂಳು ಹಾದಿಗಳ ಎಣ್ಣೆಗೆ ಅಂಟಿ ಉಪ್ಪುಕಾಗದದಂತೆ ತೇಯುತ್ತದೆ. ಮಳೆಗಾಲದಲ್ಲಿ ಒರೆಸದೆ ಬಿಟ್ಟ ಮೇಜು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಆಯ್ಕೆ ಕಷ್ಟವೇನಲ್ಲ. ಮಹಡಿಯ ಮನೆಗೆ ಗಟ್ಟಿ ಕಂಬದ, ಬೆಲ್ಟಿನ ಪುಟ್ಟ ಮಿಲ್ಲು. ನೆಲಮಹಡಿಗೆ ಡವ್‌ಟೇಲ್ ಕಂಬದ 300 ಕಿಲೋ ಮಿಲ್ಲು. ಸ್ವಂತ ಜಾಗ, ತ್ರೀ ಫೇಸ್, ಕ್ರೇನಿನವನ ಪರಿಚಯ ಮೂರೂ ಇದ್ದವರಿಗೆ ಮಾತ್ರ ಹಳೆಯ ದೈತ್ಯ. ಪುಟ್ಟ ಮಿಲ್ಲಿನ ಮಿತಿ ಮೀರಿದ ಉಕ್ಕಿನ ಕೆಲಸ ಬಂದರೆ ಯಂತ್ರವನ್ನು ಹಿಂಸಿಸುವುದಕ್ಕಿಂತ ಡ್ರಾಯಿಂಗ್ ಹಿಡಿದು ಗಲ್ಲಿಯ ವರ್ಕ್‌ಶಾಪಿಗೆ ಹೋಗುವುದು ಒಳ್ಳೆಯದು. ಆನಂದ ಪರ್ಬತದಲ್ಲೋ ಶಾಹದರಾದಲ್ಲೋ ಕೆಳಗೆ ಯಂತ್ರ, ಮೇಲೆ ಸಂಸಾರ ಇಟ್ಟುಕೊಂಡವರು ಇನ್ನೂ ಇದ್ದಾರೆ. ಮನೆಯ ಪುಟ್ಟ ಮಿಲ್ಲಿಗೆ ಒಂದು ದಿನ ಹಿಡಿಯುವ ಕೀಲಿ ಗಾಡಿಯನ್ನು ಅಲ್ಲಿನ ಹಳೆಯ ಮಿಲ್ಲು ಒಂದು ಚಹಾ ಮುಗಿಯುವುದರೊಳಗೆ ಕತ್ತರಿಸಿ ಕೊಡುತ್ತದೆ.